ಬಯಲುಸೀಮೆಯ ಉಪದೇಶಿಗಳು

ವಿಜಯಪುರ ಜಿಲ್ಲೆಯನ್ನೂ ಕಲ್ಯಾಣ ಕರ್ನಾಟಕದ ಒಂದು ಭಾಗವನ್ನೂ ಒಳಗೊಂಡ ಕಲಬುರಗಿ ಕಥೋಲಿಕ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2005ರಲ್ಲಿ. ಹಾಗೆಂದು ಈ ಸೀಮೆಗೆ ಕ್ರೈಸ್ತಧರ್ಮ ಹೊಸದೇನಲ್ಲ. ಸಮೀಪದ ಮುದಗಲ್ಲಿನ ಕಥೋಲಿಕ ಸಮುದಾಯದ ಮೂಲ ಆದಿಲಶಾಹಿ ಕಾಲದ್ದು.

ಇಂಡಿ, ಸಿಂದಗಿ, ಮುದ್ದೇಬಿಹಾಳ ಭಾಗದಲ್ಲಿ ಕಥೋಲಿಕರು ತೀರಾ ಕಡಿಮೆ. ಇಲ್ಲಿನ ಯಂಕಂಚಿಯಂಥ ಹಳ್ಳಿಯಿಂದ ಚರ್ಚಿಗೆ ಹೋಗಬೇಕೆಂದರೆ ತಾಲೂಕು ಕೇಂದ್ರದ ಹಾದಿ ಹಿಡಿಯಬೇಕು. ಒಬ್ಬ ಗುರುವಿಗೆ ಹಲವು ಹಳ್ಳಿಗಳ ಹೊಣೆ. ಈ ಕೊರತೆ ತುಂಬುವವರು ಉಪದೇಶಿಗಳು. ಇವರು ದೀಕ್ಷೆ ಪಡೆದ ಗುರುಗಳಲ್ಲ, ಬಹುಪಾಲು ಸಂಸಾರಸ್ಥರು. ಮಕ್ಕಳಿಗೆ ಧರ್ಮೋಪದೇಶ ಮಾಡುತ್ತಾರೆ, ಪ್ರಾರ್ಥನಾಕೂಟ ನಡೆಸುತ್ತಾರೆ, ರೋಗಿಗಳನ್ನು ಕಾಣುತ್ತಾರೆ. ತುರ್ತಿದ್ದರೆ ಜ್ಞಾನಸ್ನಾನವನ್ನೂ ಕೊಡಬಹುದು. ಬಲಿಪೂಜೆ, ಪಾಪನಿವೇದನೆ ಮಾತ್ರ ಗುರುಗಳದೇ ಅಧಿಕಾರ.

ಈಸ್ಟರಿಗೆ ಮುಂಚಿನ ತಪಸ್ಸುಕಾಲ ಬರುವುದು ಹಿಂಗಾರಿ ಜೋಳದ ಸುಗ್ಗಿಯ ಹೊತ್ತಿಗೆ. ಹಗಲೆಲ್ಲ ಹೊಲದಲ್ಲಿರುವ ಜನರನ್ನು ಕೂಡಿಸಲು ರಾತ್ರಿಯೇ ಆಗಬೇಕು. ದುಡಿಮೆಗೆಂದು ಪುಣೆ, ಗೋವಾಕ್ಕೆ ಗುಳೆ ಹೋದ ಕುಟುಂಬಗಳ ಮಕ್ಕಳ ಪಾಠವಂತೂ ಅರ್ಧಕ್ಕೇ ನಿಲ್ಲುತ್ತದೆ.

ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ಪೂಜೆ ಲ್ಯಾಟಿನ್ನಿನಿಂದ ಜನಭಾಷೆಗೆ ಬಂತು. ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ, ಆರಾಧನೆಗಳ ರಾಷ್ಟ್ರೀಯ ತರಬೇತಿ ಕೇಂದ್ರ ತಲೆಯೆತ್ತಿತು. ಆದರೆ ಉಪದೇಶಿಗಳಿಗೆ ತರಬೇತಿ ಒಂದೇ ಸಾಲದು. ಮನೆ ನಡೆಸಲು ಗೌರವಧನ, ಓಡಾಟದ ಖರ್ಚು, ಸರಳ ಕನ್ನಡದ ಪುಸ್ತಕಗಳೂ ಬೇಕು. ಉಪದೇಶಿಯ ಕೆಲಸಕ್ಕೆ ಚರ್ಚಿನಲ್ಲಿ ವಿಧಿವತ್ತಾದ ಸೇವಾಪದವಿಯ ಮನ್ನಣೆ ಸಿಕ್ಕಿದ್ದು ತಡವಾಗಿಯೇ, 2021ರ ಮೇ ತಿಂಗಳಲ್ಲಿ, ಪೋಪ್ ಫ್ರಾನ್ಸಿಸರ ಆಜ್ಞೆಯಿಂದ.