ಮಂಡಿಯ ಚೀಟಿಯೂ ಮನೆಯ ಲೆಕ್ಕವೂ



ಆಲೂಗಡ್ಡೆ ಹೊತ್ತ ಲಾರಿ ಮೇಟುಪಾಳ್ಯಕ್ಕೆ ಇಳಿದು ಎರಡು ತಿಂಗಳಾಗುವಷ್ಟರಲ್ಲಿ ನಮ್ಮ ಬಾಗಿಲಿಗೆ ಬರುವವರ ಸಂಖ್ಯೆ ಹೆಚ್ಚುತ್ತದೆ. "ಮಗನ ಫೀಸಿಗೆ ಸ್ವಲ್ಪ ಬೇಕಾಗಿತ್ತು ಸ್ವಾಮಿ, ಬೆಳೆ ಬಂದ ಕೂಡಲೇ ಕೊಡುತ್ತೇವೆ" ಎನ್ನುತ್ತಾರೆ. ಹೀಗೆ ಕೇಳುವವರು ಸೋಮಾರಿಗಳಲ್ಲ. ಹಿಮ ಬೀಳುವ ಜನವರಿಯಲ್ಲೂ ನಸುಕಿಗೇ ಎದ್ದು ಹೊಲಕ್ಕೆ ಹೋಗುವವರು. ಬೆಳೆಯೂ ಸಾಧಾರಣವಾಗಿ ಬಂದಿರುತ್ತದೆ. ಹಾಗಾದರೆ ಹಣ ಎಲ್ಲಿ ಹೋಯಿತು ಎಂದರೆ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ನೆಲ ನೋಡುತ್ತಾಳೆ.

ನಾವು ಹಾಸ್ಯ ಮಾಡುತ್ತಿಲ್ಲ. ದೇವಾಲಯದ ಲೆಕ್ಕವನ್ನು ಪೈಸೆ ಬಿಡದೆ ಬರೆಯುವ ನಾವು ನಮ್ಮ ಸ್ವಂತ ಜೇಬಿನ ಲೆಕ್ಕವನ್ನು ಬಹಳ ವರ್ಷ ಬರೆದವರಲ್ಲ. ಒಮ್ಮೆ ತಿಂಗಳ ಕೊನೆಗೆ ಮೂರು ಸಾವಿರ ರೂಪಾಯಿ ಎಲ್ಲಿ ಹೋಯಿತೆಂದು ಎರಡು ದಿನ ಯೋಚಿಸಿದರೂ ಹೊಳೆಯಲಿಲ್ಲ. ಅಂದಿನಿಂದ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆವು. ಆದ್ದರಿಂದ ಈ ತಿಂಗಳ ಮಾತನ್ನು ಗುರುಗಳ ಉಪದೇಶವೆಂದು ತಿಳಿಯದೆ, ತಪ್ಪು ಮಾಡಿ ಕಲಿತವರ ಅನುಭವವೆಂದು ಓದಿರಿ.

ಸಂಬಳದವನಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ. ಟೀ ಎಲೆ ಕೊಡುವವನಿಗೂ ಹೆಚ್ಚುಕಡಿಮೆ ಹಾಗೆಯೇ. ಆದರೆ ನಂಜನಾಡಿನ ಆಲೂಗಡ್ಡೆ, ಕ್ಯಾರೆಟ್ ಬೆಳೆಗಾರನಿಗೆ ನೀರ್‌ಬೋಗ, ಕಾರ್‌ಬೋಗ, ಕಡೆಬೋಗ ಎಂದು ಬೆಳೆ ಬಂದಾಗ ಮಾತ್ರ ಹಣ. ಖರ್ಚು ಮಾತ್ರ ಪ್ರತಿದಿನ. ಅದರಲ್ಲೂ ಕಡೆಬೋಗದ ಹಣ ಬರುವುದು ಸರಿಯಾಗಿ ಕ್ರಿಸ್‌ಮಸ್ ಹೊತ್ತಿಗೆ. ಕೈ ತುಂಬಿರುವಾಗ ಹಬ್ಬವೂ ಬಂದರೆ ಯಾರಿಗೆ ತಾನೇ ಏಪ್ರಿಲ್ ತಿಂಗಳು ನೆನಪಾಗುತ್ತದೆ?

ಒಂದು ಕುಟುಂಬದ ಲೆಕ್ಕವನ್ನು ಅವರ ಅನುಮತಿ ಪಡೆದು ಇಲ್ಲಿ ಹೇಳುತ್ತೇವೆ. ಡಿಸೆಂಬರಿನಲ್ಲಿ ಅವರ ಮಂಡಿಯ ಚೀಟಿಯಲ್ಲಿ 1,20,000 ರೂಪಾಯಿ ಇತ್ತು. ಮನೆಯಲ್ಲಿ ಎಲ್ಲರ ತಲೆಯಲ್ಲಿ ಉಳಿದದ್ದು ಆ ಒಂದು ಅಂಕಿ. ಆದರೆ ಬಿತ್ತನೆಗೆಂದು ಮೊದಲೇ ಪಡೆದಿದ್ದ ಮುಂಗಡ 40,000 ಅದರಲ್ಲೇ ಕಳೆಯಿತು. ಕಮಿಷನ್, ಲಾರಿ ಬಾಡಿಗೆ, ಹಮಾಲಿ ಸೇರಿ 14,000. ಕೈಗೆ ಬಂದದ್ದು 66,000. ಮುಂದಿನ ನೀರ್‌ಬೋಗದ ಬೀಜ ಮತ್ತು ಗೊಬ್ಬರಕ್ಕೆ 30,000 ತೆಗೆದಿಟ್ಟರೆ ಮನೆಗೆ ಉಳಿಯುವುದು 36,000. ಜನವರಿಯಿಂದ ಏಪ್ರಿಲ್‌ವರೆಗೆ ನಾಲ್ಕು ತಿಂಗಳು, ತಿಂಗಳಿಗೆ 9,000. ಮನೆಯ ಹಿಂದಿನ ಸ್ವಲ್ಪ ಟೀ ತೋಟದಿಂದ 2,000. ಒಟ್ಟು 11,000. ಲಕ್ಷಾಧಿಪತಿಯೆಂದುಕೊಂಡವನ ನಿಜವಾದ ತಿಂಗಳ ವರಮಾನ ಇಷ್ಟೇ.

ಮಂಡಿಯವರು ಕೊಡುವ ಮುಂಗಡ ಸಾಲ, ಅದು ವರಮಾನವಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ; ಏಕೆಂದರೆ ಆ ಹಣ ಕೈಗೆ ಬಂದ ದಿನ ಮನೆಗೆ ಹೊಸ ಮಿಕ್ಸಿ ಬಂದದ್ದನ್ನು ನಾವೇ ಕಂಡಿದ್ದೇವೆ.

ತಿಂಗಳಿಗೆ ಎಷ್ಟು ಖರ್ಚಾಗುತ್ತದೆ ಎಂದು ಕೇಳಿದಾಗ ಗಂಡ ತಡಮಾಡದೆ ಹತ್ತು ಸಾವಿರ ಎಂದರು. ಒಂದು ತಿಂಗಳು ಬರೆದು ನೋಡಿ ಎಂದೆವು. ಮಗಳು ಎಂಟನೇ ತರಗತಿ, ಅಕ್ಷರ ಮುದ್ದಾಗಿದೆ, ಅವಳೇ ರಾತ್ರಿ ಊಟವಾದ ಮೇಲೆ ಎಲ್ಲರನ್ನೂ ಕೇಳಿ ಬರೆದಳು. ಮೊತ್ತ 13,400! ಆ ಹೆಚ್ಚಿನ 3,400 ಎಲ್ಲಿಂದ ಬಂತು? ಪಾಲಡದ ಅಂಗಡಿಯಲ್ಲಿ ಟೀ ಮತ್ತು ಬೋಂಡಾ ದಿನಕ್ಕೆ 60ರಂತೆ 1,800. ಮೂರು ಮೊಬೈಲಿನ ರೀಚಾರ್ಜ್ 900. ಬಸ್ಸು ತಪ್ಪಿದ ದಿನಗಳ ಆಟೋ 700. ಇವನ್ನು ಯಾರೂ ಖರ್ಚೆಂದು ಎಣಿಸಿರಲಿಲ್ಲ.

ನಮ್ಮ ಬೆಟ್ಟದವರಿಗೆ ಇದು ಹೊಸ ಪಾಠವಾಗಬಾರದು. 1961ರಲ್ಲಿ ಜೋನ್ಸ್ ಎಂಬ ವಿಜ್ಞಾನಿ ಉದಕಮಂಡಲದಲ್ಲಿ ಆಲೂಗಡ್ಡೆಯ ಬೇರು ತಿನ್ನುವ ಹೊಂಬಣ್ಣದ ನೆಮಟೋಡ್ ಹುಳುವನ್ನು ಪತ್ತೆಮಾಡಿದರು. ಗಿಡ ಸೊರಗಿದಾಗ ಗೊಬ್ಬರ ಸಾಲದು, ಮಳೆ ಹೆಚ್ಚಾಯಿತು ಎಂದು ಏನೇನೋ ಹೇಳಬಹುದು. ಬೇರು ಕಿತ್ತು ಹತ್ತಿರ ಹಿಡಿದು ನೋಡಿದರೆ ಮಾತ್ರ ಗುಂಡುಸೂಜಿಯ ತಲೆಯಷ್ಟು ಸಣ್ಣ ಗುಳ್ಳೆಗಳು ಕಾಣುತ್ತವೆ. ಮುತ್ತೊರೈಯ ಆಲೂಗಡ್ಡೆ ಸಂಶೋಧನಾ ಕೇಂದ್ರದಲ್ಲಿ ಒಂದೊಂದು ಪಾತಿಗೂ ಬೇರೆ ಬೇರೆ ಲೆಕ್ಕ ಬರೆಯುತ್ತಾರೆ. ನಮ್ಮ ಮನೆಗೆ ಎರಡು ಪುಸ್ತಕವಾದರೂ ಬೇಡವೇ? ಹೊಲಕ್ಕೊಂದು, ಮನೆಗೊಂದು. ಔಷಧಿ ಸಿಂಪಡಿಸಿದ ಕೂಲಿಯೂ ಅಕ್ಕಿಯ ಬೆಲೆಯೂ ಒಂದೇ ಪುಟದಲ್ಲಿದ್ದರೆ ಬೆಳೆ ನಷ್ಟವೋ ಮನೆ ದುಬಾರಿಯೋ ಎಂದು ಎಂದಿಗೂ ತಿಳಿಯದು.

ಜಪಾನಿನಲ್ಲಿ 1904ರಲ್ಲಿ ಹಾನಿ ಮೊತೊಕೊ ಎಂಬ ಪತ್ರಕರ್ತೆ ಗೃಹಿಣಿಯರಿಗಾಗಿ ಇಂಥ ಲೆಕ್ಕದ ಪುಸ್ತಕವನ್ನು ರೂಪಿಸಿದರು. ಹೆಸರು ಹಾನಿಯಾದರೂ ಮಾಡಿದ್ದು ಲಾಭದ ಕೆಲಸ. ಖರ್ಚಾದ ಮೇಲೆ ಬರೆದು ಕೊರಗುವುದಕ್ಕಿಂತ, ಆಹಾರಕ್ಕೆ ಇಷ್ಟು, ಓದಿಗೆ ಇಷ್ಟು ಎಂದು ಮೊದಲೇ ಗೊತ್ತುಮಾಡಿ ಬರೆದಿಡಬೇಕೆಂಬುದು ಅವರ ಕ್ರಮ.

ಈಗ ಆರೋಗ್ಯದ ಮಾತು. ಅದೇ ಮನೆಯಲ್ಲಿ ಹಣ ಸಾಲದ ತಿಂಗಳು ಮೊದಲು ನಿಂತದ್ದು ಏನು ಗೊತ್ತೇ? ಬೋಂಡಾ ಅಲ್ಲ, ಮೊಬೈಲ್ ಅಲ್ಲ. ಅಜ್ಜಿಯ ರಕ್ತದೊತ್ತಡದ ಮಾತ್ರೆ. "ತಲೆ ಸುತ್ತಲ್ಲ, ಚೆನ್ನಾಗಿದ್ದೇನೆ" ಎಂದು ಅಜ್ಜಿಯೇ ಬೇಡವೆಂದರಂತೆ. ರಕ್ತದೊತ್ತಡ ಏರಿದರೂ ಅನೇಕ ವೇಳೆ ಯಾವ ಸೂಚನೆಯೂ ಇರುವುದಿಲ್ಲ; ಮಾತ್ರೆ ಬಿಟ್ಟವರಿಗೆ ಪಾರ್ಶ್ವವಾಯು ಬಡಿಯುವ ಅಪಾಯ ಹೆಚ್ಚು. ಹಾಗೆ ಬಡಿದರೆ ಆಸ್ಪತ್ರೆಯ ಖರ್ಚು ಒಂದು ಬೋಗದ ಬೆಳೆಯನ್ನೇ ನುಂಗೀತು. ಮಗಳ ಪುಸ್ತಕದಲ್ಲಿ ಮೆಡಿಕಲ್ ಅಂಗಡಿ 620 ಎಂದು ಬರೆದಿದ್ದನ್ನು ನೋಡಿದ ಮೇಲೆಯೇ ಈ ಸಂಗತಿ ನಮಗೆ ತಿಳಿದದ್ದು. ಇಂಥ ಮಾತ್ರೆ ಸರಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. 2021ರ ಆಗಸ್ಟಿನಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಅದನ್ನು ಮನೆಗೇ ತಂದು ಕೊಡುವ ವ್ಯವಸ್ಥೆಯಾಯಿತು. ಈಗ ಅಜ್ಜಿಯ ಹೆಸರು ಬರೆಸಿದ್ದಾರೆ.

ಬಡ್ಡಿಗೂ ಒಂದು ಸಾಲು ಬೇಕು. ನೂರಕ್ಕೆ ತಿಂಗಳಿಗೆ ಮೂರು ಎಂದರೆ ಹಗುರವಾಗಿ ಕೇಳುತ್ತದೆ. ವರ್ಷಕ್ಕೆ 36 ಆಯಿತು. ಬ್ಯಾಂಕಿನ ಕಿಸಾನ್ ಕಾರ್ಡಿನ ಬೆಳೆಸಾಲಕ್ಕೆ 7, ಗಡುವಿನೊಳಗೆ ಕಟ್ಟಿದವರಿಗೆ 4. ಇಷ್ಟು ವ್ಯತ್ಯಾಸವಿದ್ದರೂ ಬ್ಯಾಂಕಿಗೆ ಹೋಗಲು ಸಂಕೋಚಪಡುವವರಿದ್ದಾರೆ. ಅರ್ಜಿ ತುಂಬಲು ಬಾರದವರು ನಮ್ಮ ಬಳಿ ಬರಲಿ, ಕುಳಿತು ತುಂಬೋಣ.

ಪುಸ್ತಕಕ್ಕೆ ದುಡ್ಡು ಕೊಡಬೇಕಿಲ್ಲ, ಹಳೆಯ ಕ್ಯಾಲೆಂಡರಿನ ಹಿಂಬದಿ ಸಾಕು. ರಾತ್ರಿ ಐದು ನಿಮಿಷ, ಎಲ್ಲರ ಎದುರಿಗೆ. ಗಂಡ ಸಂಜೆ ಎಲ್ಲಿಗೆ ಹೋಗಿಬಂದನೆಂಬುದನ್ನು 'ಇತರೆ' ಎಂದು ಬರೆಸುವುದು ಬೇಡ. ಆ 'ಇತರೆ' ಏನೆಂದು ಮಕ್ಕಳಿಗೂ ಗೊತ್ತಿರುತ್ತದೆ. ಒಂದು ದಿನ ತಪ್ಪಿದರೆ ಬಿಟ್ಟುಬಿಡದೆ ಮರುದಿನದಿಂದ ಮುಂದುವರಿಸಿರಿ.

ಆ ಕುಟುಂಬದ ಎರಡನೆಯ ತಿಂಗಳ ಮೊತ್ತ 11,900. ಇನ್ನೂ 900 ಹೆಚ್ಚೇ ಇದೆ. ಬೋಂಡಾ ವಾರಕ್ಕೆ ಎರಡು ದಿನಕ್ಕೆ ಇಳಿದಿದೆ, ಒಂದು ಮೊಬೈಲ್ ನಿಂತಿದೆ. ಆಟೋ ವಿಷಯದಲ್ಲಿ ಮಾತ್ರ ಗಂಡಹೆಂಡಿರ ವಾದ ಇನ್ನೂ ಮುಗಿದಿಲ್ಲ.