ತಾಳವಾಡಿಯ ಶಾಲೆಗೆ ಚೆನ್ನೈನಿಂದ ಏನು ಒಯ್ಯೋಣ?

ನವೆಂಬರ್ ಬಂತೆಂದರೆ ಚೆನ್ನೈನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ಓಡಾಟ ಶುರು. ಹಾಡು, ನಾಟಕ, ಬಿಸಿಬೇಳೆ ಬಾತ್, ಸನ್ಮಾನ ಎಲ್ಲ ಮುಗಿದ ಮೇಲೆ ಯಾರಾದರೊಬ್ಬರು ಎದ್ದು ಹೇಳುವ ಮಾತೊಂದಿದೆ: "ಈ ವರ್ಷ ಗಡಿನಾಡಿನ ಕನ್ನಡ ಶಾಲೆಗೆ ಏನಾದರೂ ಮಾಡೋಣ." ಎಲ್ಲರೂ ಒಪ್ಪುತ್ತಾರೆ. ವಾಟ್ಸ್ಆ್ಯಪ್ ಗುಂಪೊಂದು ಹುಟ್ಟುತ್ತದೆ, ಹಣ ಸೇರುತ್ತದೆ. ಬ್ಯಾಗು, ನೋಟ್‌ಬುಕ್ಕು, ಬಣ್ಣದ ಪೆನ್ಸಿಲ್ಲು ತುಂಬಿಕೊಂಡು ಒಂದು ವ್ಯಾನು ಹೊರಡುತ್ತದೆ. ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡು ಸಂಜೆಗೆ ವಾಪಸ್ಸು.

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಶಾಲೆಯಲ್ಲಿ ಮರುದಿನ ಬೆಳಿಗ್ಗೆ ಏನು ಬದಲಾಗಿರುತ್ತದೆ ಎಂದು ಕೇಳಿಕೊಂಡರೆ ಉತ್ತರ ಸ್ವಲ್ಪ ಕಷ್ಟ. ಊರಿಂದ ಊರಿಗೆ ಬಂದು ನೆಲೆಸಿದ ನಮ್ಮಂಥವರು ಆ ಶಾಲೆಗಳಿಗೆ ನಿಜವಾಗಿ ಏನು ಕೊಡಬಲ್ಲೆವು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಎಲ್ಲಿವೆ ಈ ಶಾಲೆಗಳು?

ಬೆಂಗಳೂರಿನವರಿಗೆ ಇವು ಗಡಿಯಾಚೆಯ ಶಾಲೆಗಳು, ಚೆನ್ನೈನವರಿಗೆ ನಮ್ಮದೇ ರಾಜ್ಯದವು. ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ದೇಂಕಣಿಕೋಟೆ ಸುತ್ತಮುತ್ತ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಹಳ್ಳಿಗಳಿವೆ. ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟಸಾಲಿನಲ್ಲಂತೂ ಮನೆಮಾತು ಬಹುಪಾಲು ಕನ್ನಡವೇ.

1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ, ಅಲ್ಲಿಯವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ಪಕ್ಕದ ತಾಳವಾಡಿ ಇಲ್ಲೇ ಉಳಿಯಿತು. ಡಾ. ರಾಜ್‌ಕುಮಾರ್ ಅವರ ಹುಟ್ಟೂರು ಗಾಜನೂರು ಇರುವುದು ಇಲ್ಲೇ. ದೀಪಾವಳಿಯ ಮರುದಿನ ಸಗಣಿ ಎರಚಾಡುವ ಗೊರೆ ಹಬ್ಬಕ್ಕೆ ಹೆಸರಾದ ಗುಮಟಾಪುರವೂ ಇಲ್ಲಿಯದೇ. ಕನ್ನಡ ಮನೆಮಾತಿನ ರೈತ ಮಕ್ಕಳ ಜೊತೆಗೆ ಸೋಲಿಗ, ಊರಾಳಿ ಹಾಡಿಗಳ ಮಕ್ಕಳೂ ಈ ಭಾಗದ ಶಾಲೆಗಳಿಗೆ ಬರುತ್ತಾರೆ.

ದಾರಿಯೇನೂ ಸುಲಭದ್ದಲ್ಲ. ಚೆನ್ನೈನಿಂದ ರೈಲಿನಲ್ಲಿ ಈರೋಡ್, ಅಲ್ಲಿಂದ ಬಸ್ಸಿನಲ್ಲಿ ಸತ್ಯಮಂಗಲ, ಬಣ್ಣಾರಿ. ಅದಾದ ಮೇಲೆ 27 ಹೇರ್‌ಪಿನ್ ತಿರುವುಗಳ ದಿಂಬಂ ಘಾಟಿ ಹತ್ತಿ ಹಾಸನೂರು ದಾಟಬೇಕು. ಸತ್ಯಮಂಗಲ ಕಾಡು 2013ರಿಂದ ಹುಲಿ ಸಂರಕ್ಷಿತ ಪ್ರದೇಶ, 2022ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಜಿಲ್ಲಾ ಕೇಂದ್ರ ಈರೋಡ್‌ಗಿಂತ ಕರ್ನಾಟಕದ ಚಾಮರಾಜನಗರವೇ ಇಲ್ಲಿಯವರಿಗೆ ಹತ್ತಿರ. ಆದರೆ ಸುತ್ತೋಲೆ, ಪಠ್ಯಪುಸ್ತಕ, ಪರೀಕ್ಷೆ, ಸಂಬಳ ಎಲ್ಲವೂ ಬರುವುದು ಚೆನ್ನೈನಿಂದ.

ಇಬ್ಬರು ಶಿಕ್ಷಕರು, ಐದು ತರಗತಿ

ಮೊದಲು ಶಾಲೆಯ ಒಳಗಿನ ಲೆಕ್ಕ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಲೆಕ್ಕಕ್ಕೆ ಇದು ಸರಿ, ಮೂವತ್ತಕ್ಕೆ ಒಬ್ಬರು. ಆದರೆ ತರಗತಿಗಳು ಐದು. ಅಂದರೆ ಒಬ್ಬೊಬ್ಬರೂ ಒಂದೇ ಹೊತ್ತಿಗೆ ಎರಡು ಮೂರು ತರಗತಿ ನಡೆಸಬೇಕು. ಒಬ್ಬರು ತರಬೇತಿಗೋ ಮೀಟಿಂಗಿಗೋ ಹೋದ ದಿನ ಇನ್ನೊಬ್ಬರ ಪಾಲಿಗೆ ಐದೂ ತರಗತಿ. ಕನ್ನಡ ಮಾಧ್ಯಮವಾದರೆ ಇನ್ನೂ ಒಂದು ತೊಡಕು. ಒಬ್ಬರು ನಿವೃತ್ತರಾದರೆ ಆ ಜಾಗಕ್ಕೆ ಕನ್ನಡದಲ್ಲಿ ಪಾಠ ಮಾಡಬಲ್ಲವರೇ ಬರಬೇಕು. ಅಂಥವರು ತಮಿಳುನಾಡಿನ ಎಲ್ಲ ಜಿಲ್ಲೆಗಳಲ್ಲೂ ಸಿಗುವುದಿಲ್ಲ.

ಗಡಿ ಬೇರೆಯಾದರೂ ಕಾಸರಗೋಡಿನ ಸಂಕಟವೂ ಇದೇ. ಕನ್ನಡ ಮಾಧ್ಯಮಕ್ಕೆ ಮಲಯಾಳಂ ಮಾತ್ರ ಬಲ್ಲ ಶಿಕ್ಷಕರ ನೇಮಕವಾಯಿತೆಂದು ಅಲ್ಲಿ ಮತ್ತೆ ಮತ್ತೆ ಪ್ರತಿಭಟನೆ ನಡೆದಿದೆ. ರಿಷಬ್ ಶೆಟ್ಟಿ ನಿರ್ದೇಶನದ 'ಸರ್ಕಾರಿ ಹಿ.ಪ್ರಾ. ಶಾಲೆ ಕಾಸರಗೋಡು' (2018) ಸಿನಿಮಾದ ಕಥೆ ಇದೇ. ಅತ್ಯುತ್ತಮ ಮಕ್ಕಳ ಚಿತ್ರ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂತು. ನಾವೆಲ್ಲ ನೋಡಿ ಚಪ್ಪಾಳೆ ತಟ್ಟಿದೆವು. ಚಪ್ಪಾಳೆಯಾದ ಮೇಲಿನ ಕೆಲಸ ಬೇರೆ.

ಹಲವು ತರಗತಿಗಳನ್ನು ಒಟ್ಟಿಗೆ ನಡೆಸುವ ವಿದ್ಯೆಯನ್ನು ನಮ್ಮ ನೆರೆಹೊರೆಯೇ ಕಂಡುಕೊಂಡಿದೆ. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿ ಸಂಸ್ಥೆ ಸುತ್ತಲಿನ ಹಳ್ಳಿಗಳ ಪುಟ್ಟ ಶಾಲೆಗಳಿಗಾಗಿ ಕಾರ್ಡುಗಳ ಪದ್ಧತಿ ರೂಪಿಸಿತು. ಮಗು ತನ್ನ ವೇಗದಲ್ಲಿ ಕಾರ್ಡಿನಿಂದ ಕಾರ್ಡಿಗೆ, ಏಣಿ ಹತ್ತಿದಂತೆ ಮುಂದೆ ಹೋಗುತ್ತದೆ. ಶಿಕ್ಷಕರು ಗುಂಪಿನಿಂದ ಗುಂಪಿಗೆ ಓಡಾಡುತ್ತಾರೆ. ಅದರಿಂದ ಸ್ಫೂರ್ತಿ ಪಡೆದು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ 'ನಲಿ-ಕಲಿ' ಹುಟ್ಟಿತು. 2003ರಲ್ಲಿ ಚೆನ್ನೈ ಕಾರ್ಪೊರೇಷನ್ನಿನ 13 ಶಾಲೆಗಳಲ್ಲಿ ಅದೇ ಬಗೆಯ ಕಲಿಕೆ ಶುರುವಾಗಿ ಮುಂದೆ ಇಡೀ ತಮಿಳುನಾಡಿಗೆ ಹರಡಿತು. ಕೊಲಂಬಿಯಾ ದೇಶದಲ್ಲೂ ಗುಡ್ಡಗಾಡಿನ ಒಂಟಿ ಶಾಲೆಗಳಿಗಾಗಿ 1970ರ ದಶಕದಿಂದ ಇಂಥದೇ ಪ್ರಯೋಗ ನಡೆದಿದೆ.

ಇದರಿಂದ ಸ್ವಯಂಸೇವಕರಿಗೊಂದು ಪಾಠವಿದೆ. ಪುಟ್ಟ ಶಾಲೆಗೆ ಬೇಕಾದದ್ದು ಮತ್ತೊಬ್ಬ ಭಾಷಣಕಾರನಲ್ಲ. ಶಿಕ್ಷಕರು ನಾಲ್ಕನೇ ತರಗತಿಗೆ ಭಾಗಾಕಾರ ಹೇಳಿಕೊಡುವಾಗ ಎರಡನೇ ತರಗತಿಯ ಏಳು ಮಕ್ಕಳ ಜೊತೆ ಕೂತು ಓದಿಸುವ ಒಬ್ಬ ಮನುಷ್ಯ ಬೇಕು. ಅಥವಾ ಆ ಏಳು ಮಕ್ಕಳು ತಾವೇ ಓದಿಕೊಳ್ಳಬಹುದಾದ ಸಾಮಗ್ರಿ ಬೇಕು.

ಒಯ್ಯಬೇಕಾದದ್ದು ತಮಿಳು

ಇನ್ನು ಮುಖ್ಯ ಮಾತಿಗೆ ಬರೋಣ. ಕನ್ನಡ ಶಾಲೆಗೆ ಸಹಾಯ ಎಂದರೆ ಕನ್ನಡ ಕಲಿಸುವುದು ಎಂದು ನಾವು ಅಂದುಕೊಳ್ಳುತ್ತೇವೆ. ತಾಳವಾಡಿಯ ಮಗುವಿಗೆ ಕನ್ನಡ ಮನೆಯಲ್ಲೇ ಇದೆ. ಪಾಠವನ್ನೂ ಕನ್ನಡದಲ್ಲೇ ಕೇಳುತ್ತದೆ. ಅದು ಎಡವುವುದು ತಮಿಳಿನಲ್ಲಿ.

2006ರ ತಮಿಳು ಕಲಿಕಾ ಕಾಯ್ದೆಯ ಪ್ರಕಾರ ತಮಿಳುನಾಡಿನ ಶಾಲೆಗಳಲ್ಲಿ ಮೊದಲ ಭಾಷೆ ತಮಿಳು, ಎರಡನೆಯದು ಇಂಗ್ಲಿಷ್. ಮನೆಮಾತು ಬೇರೆಯಾದವರು ಅದನ್ನು ಐಚ್ಛಿಕವಾಗಿ ಓದಬಹುದು. ಒಂದನೇ ತರಗತಿಯಿಂದ ವರ್ಷಕ್ಕೊಂದರಂತೆ ಏರುತ್ತಾ ಬಂದ ಈ ನಿಯಮ 2015-16ರಲ್ಲಿ ಹತ್ತನೇ ತರಗತಿ ಮುಟ್ಟಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋದರು, ಕೆಲವು ವರ್ಷ ವಿನಾಯಿತಿಯೂ ಸಿಕ್ಕಿತು. ಆದರೆ ವಿನಾಯಿತಿಯನ್ನು ನಂಬಿ ಮಗುವಿನ ಹನ್ನೆರಡು ವರ್ಷದ ಓದನ್ನು ಯೋಜಿಸಲಾಗದು. 2021ರ ಡಿಸೆಂಬರ್‌ನ ಆದೇಶದಿಂದ ರಾಜ್ಯದ ಸರ್ಕಾರಿ ಹುದ್ದೆಗಳ ಪರೀಕ್ಷೆಯಲ್ಲೂ ತಮಿಳು ಪತ್ರಿಕೆ ಪಾಸಾಗುವುದು ಕಡ್ಡಾಯ.

ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ರಾಜ್ಯಗಳು ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದಕ್ಕಾಗಿ ದನಿಯೆತ್ತುವುದು ಸಂಘಗಳ ಕೆಲಸ, ಎತ್ತಲೇಬೇಕು. ಆದರೆ ಮನೆಯವರು ಯೋಚಿಸುವ ರೀತಿ ಬೇರೆ. "ಕನ್ನಡ ಶಾಲೆಗೆ ಹಾಕಿದರೆ ಮಗು ತಮಿಳಲ್ಲಿ ಹಿಂದೆ ಬೀಳುತ್ತದೆ" ಎಂಬ ಹೆದರಿಕೆ ಹುಟ್ಟಿದ ದಿನ ಅವರು ಮಗುವನ್ನು ಬಿಡಿಸಿ ಇಂಗ್ಲಿಷ್ ಮಾಧ್ಯಮದ ವ್ಯಾನು ಹತ್ತಿಸುತ್ತಾರೆ. ಹೀಗೆ ನಾಲ್ಕು ಮಕ್ಕಳು ಹೋದರೆ ಹಾಜರಿ ಪುಸ್ತಕ ತೆಳ್ಳಗಾಗುತ್ತದೆ, ಶಿಕ್ಷಕರ ಹುದ್ದೆ ಹೋಗುತ್ತದೆ, ಕೊನೆಗೆ ಶಾಲೆಯೂ. ಹಾಗಾಗಿ ಆ ಹಳ್ಳಿಯಲ್ಲಿ ಕನ್ನಡ ಶಾಲೆ ಉಳಿಯಬೇಕಾದರೆ ಅಲ್ಲಿಯ ಮಕ್ಕಳಿಗೆ ತಮಿಳು ಚೆನ್ನಾಗಿ ಬರಬೇಕು.

ಈ ಕೆಲಸಕ್ಕೆ ಚೆನ್ನೈ ಕನ್ನಡಿಗರಷ್ಟು ತಕ್ಕವರು ಬೇರೆ ಇಲ್ಲ. ಕನ್ನಡದಿಂದ ತಮಿಳಿಗೆ ಹೋಗುವ ದಾರಿಯನ್ನು ನಾವು ನಡೆದು ತಿಳಿದವರು. ತಮಿಳು ಪಠ್ಯ ಬರೆದವರು ಮನೆಯಲ್ಲಿ ತಮಿಳು ಆಡುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಕನ್ನಡದ ಮಗುವಿಗೆ ಎಲ್ಲಿ ಗೊಂದಲವಾಗುತ್ತದೆಂದು ನಮಗೆ ಗೊತ್ತು.

ಕನ್ನಡದಲ್ಲಿ ಕೇಳಿದಂತೆ ಬರೆಯಬಹುದು. ತಮಿಳಿನಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. 'ತಂಗಂ' ಎಂದು ಕೇಳಿಸಿದರೂ ಬರೆಯುವುದು ಕ ಅಕ್ಷರವನ್ನೇ. ಪದದ ಮೊದಲಲ್ಲಿದ್ದರೆ ಕ, ಅನುನಾಸಿಕದ ನಂತರ ಬಂದರೆ ಗ ಎಂಬ ಸೂತ್ರವನ್ನು ಒಮ್ಮೆ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಅರ್ಧ ಭಯ ಹೋಗುತ್ತದೆ. ಹಳಗನ್ನಡದಲ್ಲಿದ್ದು ನಾವು ಬಿಟ್ಟುಬಿಟ್ಟ ೞ ಮತ್ತು ಱ ತಮಿಳಿನಲ್ಲಿ ಇನ್ನೂ ಬಳಕೆಯಲ್ಲಿವೆ. "ಇದು ನಮ್ಮ ಅಜ್ಜಂದಿರ ಅಕ್ಷರವೇ" ಎಂದು ಹೇಳಿಕೊಡಬಹುದು.

ಪದಗಳಂತೂ ಆಟವೇ. ಅಲ್ಲಿಯ ಪಾಲ್ ಇಲ್ಲಿ ಹಾಲು, ಪೂ ಹೂ, ಪಲ್ ಹಲ್ಲು, ಪತ್ತು ಹತ್ತು. ತಮಿಳಿನಲ್ಲಿ ಶಾಲೆಗೆ 'ಪಳ್ಳಿ' ಎನ್ನುತ್ತಾರೆ. ಅದೇ ಪದ ಕನ್ನಡದಲ್ಲಿ 'ಹಳ್ಳಿ'. ಪ ತೆಗೆದು ಹ ಇಡಿ ಎಂದರೆ ಮೂರನೇ ತರಗತಿಯ ಮಕ್ಕಳು ಅರ್ಧ ಗಂಟೆಯಲ್ಲಿ ಬೋರ್ಡು ತುಂಬಿಸಿಬಿಡುತ್ತಾರೆ.

ಕೊಟ್ಟು ತೆಗೆದುಕೊಳ್ಳುವುದು

ಇದಕ್ಕೆ ಇನ್ನೊಂದು ಮುಖವಿದೆ. ಚೆನ್ನೈನಲ್ಲಿ ಬೆಳೆದ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿಗೆ ತಮಿಳು ಓದಲು ಬರುತ್ತದೆ, ಕನ್ನಡ ಮಾತಾಡಲು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ತಾಳವಾಡಿಯ ಮಗುವಿನದು ಇದಕ್ಕೆ ಉಲ್ಟಾ. ಇಬ್ಬರ ನಡುವೆ ಶಾಲೆಯ ವಿಳಾಸಕ್ಕೆ, ಶಿಕ್ಷಕರ ಮೂಲಕ, ತಿಂಗಳಿಗೊಂದು ಕಾಗದ ಓಡಾಡಿದರೆ ಹೇಗೆ? ಇಲ್ಲಿಂದ ತಮಿಳಿನಲ್ಲಿ ನಾಲ್ಕು ಸಾಲು, ಅಲ್ಲಿಂದ ಕನ್ನಡದಲ್ಲಿ ನಾಲ್ಕು ಸಾಲು. ಆಗ ದಾನ ಕೊಡುವವರು, ತೆಗೆದುಕೊಳ್ಳುವವರು ಎಂಬ ಭೇದ ಇರುವುದಿಲ್ಲ.

ಪುಸ್ತಕ ಒಯ್ಯುವುದಾದರೂ ಇದೇ ಲೆಕ್ಕದಲ್ಲಿ ಆರಿಸಿ. ಚೆನ್ನೈನ ತೂಲಿಕಾ ಪ್ರಕಾಶನ 1996ರಿಂದ ಮಕ್ಕಳ ಚಿತ್ರಪುಸ್ತಕ ತರುತ್ತಿದೆ, ಎಷ್ಟೋ ಪುಸ್ತಕಗಳು ಕನ್ನಡ, ತಮಿಳು ಎರಡರಲ್ಲೂ ಇವೆ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಒಂದೇ ಕಥೆ ಹಲವು ಭಾಷೆಗಳಲ್ಲಿ ಉಚಿತವಾಗಿ ಸಿಗುತ್ತದೆ, ಮುದ್ರಿಸಿಕೊಳ್ಳಲೂಬಹುದು. ಕನ್ನಡದಲ್ಲಿ ಓದಿ ಕಥೆ ಗೊತ್ತಾದ ಮಗುವಿಗೆ ಅದನ್ನೇ ತಮಿಳಿನಲ್ಲಿ ಕೊಟ್ಟರೆ ಅಕ್ಷರ ಕೂಡಿಸುವ ಶ್ರಮ ಮಾತ್ರ ಉಳಿಯುತ್ತದೆ. ಮನೆಯಲ್ಲಿ ಬಳಸಿ ಬಿಟ್ಟ ಇಂಗ್ಲಿಷ್ ವಿಶ್ವಕೋಶಗಳನ್ನು ಸಾಗಿಸುವುದು ಬೇಡ.

ಶನಿವಾರ ಶಾಲೆಗೆ ರಜೆ

ಕೆಲಸಕ್ಕೆ ಇಳಿದವರು ಮೊದಲು ಎದುರಿಸುವ ಸಮಸ್ಯೆ ಇದು. ಐಟಿಯವರಿಗೆ ಬಿಡುವು ಸಿಗುವುದು ಶನಿವಾರ, ಭಾನುವಾರ, ಶಾಲೆ ನಡೆಯುವುದು ಸೋಮವಾರದಿಂದ ಶುಕ್ರವಾರ. ನಮಗಾಗಿ ರಜಾದಿನ ಮಕ್ಕಳನ್ನೂ ಶಿಕ್ಷಕರನ್ನೂ ಕರೆಸುವುದು ಸೇವೆಯಲ್ಲ, ಹೊರೆ. ಆರು ಜನರ ಗುಂಪಾದರೆ ಒಬ್ಬೊಬ್ಬರು ವರ್ಷಕ್ಕೆ ಮೂರು ದಿನ ರಜೆ ಹಾಕಿದರೂ ಹದಿನೆಂಟು ಶಾಲಾ ದಿನಗಳಾಗುತ್ತವೆ. ಹೋದವರು ಎಲ್ಲಿಗೆ ನಿಲ್ಲಿಸಿದೆವೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನವರು ಅಲ್ಲಿಂದ ಶುರುಮಾಡಬಹುದು.

ಸರ್ಕಾರಿ ಶಾಲೆಗೆ ಹೋಗುವ ಮುನ್ನ ಮುಖ್ಯ ಶಿಕ್ಷಕರ ಮತ್ತು ಬ್ಲಾಕ್ ಶಿಕ್ಷಣಾಧಿಕಾರಿಯ ಅನುಮತಿ ಬೇಕು. ಮನವಿಯನ್ನು ತಮಿಳಿನಲ್ಲಿ ಬರೆಯಿರಿ. ಪೋಷಕರಿರುವ ಶಾಲಾ ಆಡಳಿತ ಸಮಿತಿಯನ್ನು ಕಂಡು ಏನು ಬೇಕೆಂದು ಕೇಳಿ. ಹಣ, ಕಟ್ಟಡದ ಸಹಾಯವಾದರೆ ತಮಿಳುನಾಡು ಸರ್ಕಾರ 2022ರ ಡಿಸೆಂಬರ್‌ನಲ್ಲಿ ಶುರುಮಾಡಿದ 'ನಮ್ಮ ಸ್ಕೂಲ್ ನಮ್ಮ ಊರ್ ಪಳ್ಳಿ' ಯೋಜನೆಯ ಮೂಲಕ ಕೊಡುವುದು ಲೆಕ್ಕಪತ್ರಕ್ಕೂ ಒಳ್ಳೆಯದು. ಮಕ್ಕಳ ಜೊತೆ ಒಬ್ಬಂಟಿಯಾಗಿ ಇರಬೇಡಿ, ಅವರ ಮುಖ, ಹೆಸರುಗಳನ್ನು ಫೇಸ್‌ಬುಕ್ಕಿಗೆ ಹಾಕಬೇಡಿ.

ಹತ್ತನೆಯದರ ನಂತರ

ಕೊನೆಯದಾಗಿ, ದೂರದಿಂದಲೇ ಮಾಡಬಹುದಾದ ಕೆಲಸವೊಂದಿದೆ. ಹತ್ತನೇ ತರಗತಿ ಮುಗಿಸಿದ ಹುಡುಗಿಯ ಮುಂದೆ ಎರಡು ದಾರಿ: ಘಾಟಿ ಇಳಿದು ಸತ್ಯಮಂಗಲ, ಅಥವಾ ಗಡಿ ದಾಟಿ ಚಾಮರಾಜನಗರ. ತಮಿಳುನಾಡಿನಲ್ಲಿ ಸರ್ಕಾರಿ ಶಾಲೆಯಲ್ಲೇ 6ರಿಂದ 12ರವರೆಗೆ ಓದಿದವರಿಗೆ ವೈದ್ಯಕೀಯ ಸೀಟುಗಳಲ್ಲಿ 2020ರಿಂದ ಶೇ. 7.5 ಮೀಸಲಿದೆ. 2022ರಲ್ಲಿ ಬಂದ 'ಪುದುಮೈ ಪೆಣ್' ಯೋಜನೆಯಲ್ಲಿ ಅಂಥ ಹೆಣ್ಣುಮಕ್ಕಳಿಗೆ ಕಾಲೇಜಿನಲ್ಲಿ ತಿಂಗಳಿಗೆ 1000 ರೂಪಾಯಿ ಸಿಗುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು, ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮಗಳಿವೆ. ಯಾವುದು ಯಾರಿಗೆ ಅನ್ವಯ, ಯಾವ ಪ್ರಮಾಣಪತ್ರ ಎಂದಿಗೆ ಬೇಕು ಎಂಬುದನ್ನು ಆಯಾ ವರ್ಷದ ಕೈಪಿಡಿ ಓದಿ ಆ ಮನೆಯವರಿಗೆ ಕನ್ನಡದಲ್ಲಿ ಹೇಳುವವರು ಬೇಕು. ತಪ್ಪು ದಾರಿ ಆರಿಸಿದರೆ ಕೈತಪ್ಪುವುದು ಒಂದು ಹುಡುಗಿಯ ಕಾಲೇಜು.

ಹಾಗಾಗಿ ಈ ನವೆಂಬರ್‌ನಲ್ಲಿ ವ್ಯಾನು ಹೊರಡುವ ಮುನ್ನ ಸಂಘದಲ್ಲಿ ಒಂದು ತೀರ್ಮಾನವಾಗಲಿ. ಹತ್ತು ಶಾಲೆ ಬೇಡ, ಒಂದೇ ಶಾಲೆ ಸಾಕು, ಆದರೆ ಮೂರು ವರ್ಷ ಬಿಡದೆ. ಮೊದಲ ಸಲ ಹೋದಾಗ ಮೂರನೇ ತರಗತಿಯ ಪ್ರತಿ ಮಗುವಿನಿಂದ ಕನ್ನಡದಲ್ಲೊಂದು ಪುಟ, ತಮಿಳಿನಲ್ಲೊಂದು ಪುಟ ಓದಿಸಿ ಕೇಳಿ ಬರೆದಿಟ್ಟುಕೊಳ್ಳಿ. ಆ ಮಕ್ಕಳು ಐದನೇ ತರಗತಿ ಮುಗಿಸುವಾಗ ಮತ್ತೆ ಓದಿಸಿ. ವಾರ್ಷಿಕ ವರದಿಯಲ್ಲಿ ಹಂಚಿದ ಬ್ಯಾಗುಗಳ ಲೆಕ್ಕದ ಪಕ್ಕದಲ್ಲಿ ಈ ಲೆಕ್ಕವೂ ಇರಲಿ.