ಶಾಲೆಗಾಗಿ ವೋಟು ಹಾಕಬಹುದೇ?

ಪ್ರಶ್ನೆ: ಅಮೆರಿಕದಲ್ಲಿ ಶಾಲೆಯ ವಿಷಯವನ್ನೂ ಜನರ ಮತಕ್ಕೆ ಹಾಕುತ್ತಾರಂತೆ. ಸಮೀಕ್ಷೆ ಒಂದು ಹೇಳಿದರೆ ಫಲಿತಾಂಶ ಇನ್ನೊಂದು ಬರುವುದೇಕೆ? ನಮ್ಮಲ್ಲಿ ಇದು ಸಾಧ್ಯವೇ?
— ಓದುಗರೊಬ್ಬರು, ಖಾನಾಪುರ

ಉತ್ತರ: ಸರ್ಕಾರದ ದುಡ್ಡು, ಸ್ವತಂತ್ರ ಆಡಳಿತ. ಇಂಥ ಚಾರ್ಟರ್ ಶಾಲೆಗಳು ಹೆಚ್ಚಬೇಕೇ ಎಂದು ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಮತದಾರರನ್ನು ಕೇಳಿತು. ಆರಂಭದ ಸಮೀಕ್ಷೆಗಳಲ್ಲಿ ‘ಹೌದು’ ಮುಂದಿತ್ತು. ನವೆಂಬರಿನಲ್ಲಿ ಶೇ 62 ಮಂದಿ ‘ಬೇಡ’ ಎಂದರು. ಹೊಸ ಶಾಲೆ ಬೇಕೇ ಎಂದು ಕೇಳಿದರೆ ಯಾರು ತಾನೇ ಬೇಡವೆನ್ನುತ್ತಾರೆ? ಅದರ ದುಡ್ಡು ನಿಮ್ಮೂರ ಶಾಲೆಯ ಪಾಲಿನಿಂದಲೇ ಹೋಗುತ್ತದೆ ಎಂದು ಶಿಕ್ಷಕರ ಸಂಘಗಳು ಹೇಳತೊಡಗಿದ ಮೇಲೆ ಲೆಕ್ಕ ತಿರುಗಿತು.

ನಮ್ಮ ಸಂವಿಧಾನದಲ್ಲಿ ಇಂಥ ಜನಮತಗಣನೆಗೆ ವ್ಯವಸ್ಥೆಯಿಲ್ಲ. ನಿಮ್ಮ ನೆರೆಯ ಗೋವಾದಲ್ಲಿ 1967ರ ಜನವರಿ 16ರಂದು ಜನಮತಗಣನೆ ನಡೆದದ್ದು ಸಂಸತ್ತು ಅದಕ್ಕೆಂದೇ ಮಾಡಿದ ಕಾಯ್ದೆಯ ಬಲದಿಂದ. ಮಹಾರಾಷ್ಟ್ರಕ್ಕೆ ಸೇರುವುದಾದರೆ ಹೂವಿನ ಗುರುತು, ಬೇಡವಾದರೆ ಎರಡೆಲೆ. 34,021 ಮತಗಳಿಂದ ಎರಡೆಲೆ ಗೆದ್ದಿತು. ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದದಲ್ಲಿದ್ದ ಬೆಳಗಾವಿ–ಖಾನಾಪುರಕ್ಕೆ ಮಾತ್ರ ಮತಪೆಟ್ಟಿಗೆ ಬರಲಿಲ್ಲ, ವಿವಾದ ಪರಿಶೀಲಿಸಲು ಮಹಾಜನ ಆಯೋಗ ಬಂತು. ಬೆಳಗಾವಿ ಕರ್ನಾಟಕದಲ್ಲೇ ಇರಲಿ, ಖಾನಾಪುರ ಮಹಾರಾಷ್ಟ್ರಕ್ಕೆ ಹೋಗಲಿ ಎಂದು ಅದೇ ವರ್ಷ ವರದಿ ಕೊಟ್ಟಿತು, ವರದಿ ಜಾರಿಯಾಗಲಿಲ್ಲ.

ಇನ್ನು ಶಾಲೆಯ ಮಾತು. ಪ್ರಾಥಮಿಕ ಹಂತದಲ್ಲಿ ಮಾಧ್ಯಮದ ಆಯ್ಕೆ ಪಾಲಕರದು ಎಂದು ಸುಪ್ರೀಂ ಕೋರ್ಟ್ 2014ರ ಮೇ ತಿಂಗಳಲ್ಲಿ ಹೇಳಿದೆ. ಕನ್ನಡವೋ ಮರಾಠಿಯೋ ಇಂಗ್ಲಿಷೋ, ನಿಮ್ಮ ಮತ ಬೀಳುವುದು ಜೂನ್ ತಿಂಗಳ ದಾಖಲಾತಿ ಪುಸ್ತಕದಲ್ಲಿ.